ಕಡಜಗಳಿಗೆ ಚುಕ್ಕಿ ಇಟ್ಟ ಕಥೆ

ಬೆಂಗಳೂರಿನ ನಮ್ಮ ಮನೆಯಲ್ಲಿ, ಅಡುಗೆಮನೆ ಕಿಟಕಿಯ ಹೊರಗೆ ಕಡಜಗಳು ಗೂಡು ಕಟ್ಟಿದ್ದವು. ಬೂದು ಕಾಗದದಂಥ ಸಣ್ಣ ಗೂಡು. ಹೊದಿಕೆ ಇಲ್ಲದ್ದರಿಂದ ನಡೆಯುವುದೆಲ್ಲ ಕಾಣುತ್ತದೆ. ಅಮ್ಮ ಸೀಮೆಎಣ್ಣೆ ಹುಡುಕುತ್ತಿದ್ದರು, ನಾನು ತಡೆದೆ. ಇದು ರೋಪಲೀಡಿಯಾ ಮಾರ್ಜಿನೇಟಾ ಅನ್ನುವ ಜಾತಿಯ ಕಡಜ. ನಮ್ಮೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ದಶಕಗಳ ಕಾಲ ಬೆನ್ನುಹತ್ತಿದ್ದು ಇದನ್ನೇ.

ಎಲ್ಲವೂ ಒಂದೇ ಥರ ಕಾಣುತ್ತವಲ್ಲ, ಗುರುತಿಗೆ ಚುಕ್ಕಿ ಇಡಬೇಕು. ನಸುಕಿನ ಚಳಿಗೆ ಅವು ಮುದುಡಿ ಕೂತಿರುವಾಗ ತೆಂಗಿನ ಗರಿಯ ಕಡ್ಡಿಯಿಂದ ಬೆನ್ನಿಗೆ ಬಣ್ಣ ಮುಟ್ಟಿಸಿದೆ. ಮೊದಲ ದಿನ ಉಗುರುಬಣ್ಣ ಜಾಸ್ತಿಯಾಗಿ ಒಂದರ ರೆಕ್ಕೆ ಅಂಟಿಕೊಂಡಿತು. ಅದು ಮತ್ತೆ ಹಾರಲಿಲ್ಲ. ಈಗಲೂ ಬೇಜಾರಾಗುತ್ತದೆ. ಎರಡು ಸಲ ನಾನೂ ಕಡಿಸಿಕೊಂಡೆ, ಅದು ಸರಿಯೇ ಬಿಡಿ.

ನೀಲಿಚುಕ್ಕಿ ಎಲ್ಲರ ಮೇಲೂ ಏರಿ ಹೋಗುತ್ತಿದ್ದಳು. ಇವಳೇ ರಾಣಿ ಅಂತ ಎರಡು ವಾರ ನೋಟ್‌ಬುಕ್ಕಿನಲ್ಲಿ ಬರೆದೆ. ತಪ್ಪು. ಒಂದು ಮಧ್ಯಾಹ್ನ ಖಾಲಿ ಕೋಶಕ್ಕೆ ಹೊಟ್ಟೆಯ ತುದಿ ಇಳಿಸಿ ಮೊಟ್ಟೆ ಇಟ್ಟವಳು ಕೆಂಪುಚುಕ್ಕಿ! ಸುಮ್ನೆ ಕೂರುವವಳು. ಆಗಾಗ ಹೊಟ್ಟೆಯನ್ನು ಗೂಡಿಗೆ ಉಜ್ಜುತ್ತಾ ಓಡಾಡುತ್ತಿದ್ದಳು ಅಷ್ಟೇ. ಹಾಗೆ ಉಜ್ಜಿದಾಗ ಗೂಡಿಗೆ ಅಂಟುವ ವಾಸನೆಯಿಂದಲೇ ಉಳಿದವರಿಗೆ ರಾಣಿ ಇದ್ದಾಳೆ ಅಂತ ಗೊತ್ತಾಗುವುದು. ಗದಗಕರ್ ಈ ಕಡಜಗಳನ್ನು ಕೂರುವವರು, ಜಗಳಗಂಟಿಯರು, ಹೊರಗೆ ದುಡಿಯುವವರು ಅಂತ ವಿಂಗಡಿಸಿದ್ದಾರೆ. ರಾಣಿ ಕೂರುವವರ ಗುಂಪು.

ಬಿಳಿಚುಕ್ಕಿಯದು ದುಡಿಮೆ. ಹುಳು ಹಿಡಿದು, ಅಗಿದು ಉಂಡೆ ಮಾಡಿ, ತಾನು ಹೆರದ ಮರಿಗಳಿಗೆ ತಿನ್ನಿಸುತ್ತಿದ್ದಳು. ಯಾಕೆ? 1964ರಲ್ಲಿ ಜೀವವಿಜ್ಞಾನಿ ಡಬ್ಲ್ಯು. ಡಿ. ಹ್ಯಾಮಿಲ್ಟನ್ ಒಂದು ಲೆಕ್ಕ ಕೊಟ್ಟರು: ನೆಂಟರಿಗಾಗುವ ಲಾಭವನ್ನು ನಂಟಿನ ಪ್ರಮಾಣದಿಂದ, ಅಂದರೆ ಇಬ್ಬರಲ್ಲೂ ಒಂದೇ ಆಗಿರುವ ಜೀನ್‌ಗಳ ಪಾಲಿನಿಂದ, ಗುಣಿಸಿ, ಅದು ತನ್ನ ನಷ್ಟಕ್ಕಿಂತ ಜಾಸ್ತಿ ಬಂದರೆ ಆ ಗುಣ ಪೀಳಿಗೆಯಲ್ಲಿ ಉಳಿಯುತ್ತದೆ. ಕಡಜಗಳಲ್ಲಿ ಅಪ್ಪ ಒಬ್ಬನೇ ಆದರೆ ಅಕ್ಕತಂಗಿಯರ ನಂಟು ಮುಕ್ಕಾಲು, ಸ್ವಂತ ಮಗಳ ಜೊತೆ ಬರೀ ಅರ್ಧ. ಕೇಳೋಕೆ ಚೆಂದ. ಆದರೆ ಈ ಜಾತಿಯಲ್ಲಿ ರಾಣಿ ಹಲವು ಗಂಡುಗಳ ಜೊತೆ ಕೂಡುತ್ತಾಳೆ, ರಾಣಿಯರೂ ಬದಲಾಗುತ್ತಾರೆ. ಆ ಮುಕ್ಕಾಲು ಉಳಿಯುವುದಿಲ್ಲ.

ಉತ್ತರದ ಇನ್ನೊಂದು ತುಂಡು ಸಿಕ್ಕಿದ್ದು ಬಚ್ಚಲಮನೆ ಕಿಟಕಿಯಲ್ಲಿ. ಅಲ್ಲಿ ಒಬ್ಬಳೇ ಗೂಡು ಕಟ್ಟಿದ್ದಳು. ಒಂದು ದಿನ ಹೊರಗೆ ಹೋದವಳು ಬರಲಿಲ್ಲ. ಮರಿಗಳು ಕೋಶದಲ್ಲೇ ಒಣಗಿದವು. ಅಡುಗೆಮನೆ ಗೂಡಿನಲ್ಲಿ ಯಾರು ಕಾಣೆಯಾದರೂ ಮರಿಗಳಿಗೆ ಊಟ ತಪ್ಪುತ್ತಿರಲಿಲ್ಲ.

ಐದನೇ ವಾರ ಕೆಂಪುಚುಕ್ಕಿ ಮಾಯ. ಇನ್ನು ನೀಲಿಗೇ ಪಟ್ಟ ಅಂತ ಅಮ್ಮನ ಹತ್ತಿರ ಹೇಳಿದ್ದೆ. ಅಷ್ಟರಲ್ಲಿ, ಅದುವರೆಗೆ ಕಣ್ಣಿಗೇ ಬೀಳದಿದ್ದ ಹಳದಿಚುಕ್ಕಿ ಎಲ್ಲರನ್ನೂ ಅಟ್ಟಾಡಿಸತೊಡಗಿದಳು. ವಾರದಲ್ಲಿ ಮೊಟ್ಟೆ ಇಟ್ಟಳು, ಕೋಪವೂ ಇಳಿಯಿತು. ಬಿಳಿಚುಕ್ಕಿ ಹುಳು ತರುತ್ತಲೇ ಇದ್ದಳು.