ಹೆಂಡತಿಯನ್ನು ಕೇಳಿದ ಮೇಲೆ ಗೊತ್ತಾದದ್ದು

ಮೂರು ಮಾತ್ರೆ ಕೊಟ್ಟರೂ ಬಿ.ಪಿ. ಇಳಿಯದಿದ್ದರೆ ನಾವು ಡಾಕ್ಟರುಗಳು ಮೊದಲು ಅನುಮಾನಪಡುವುದು ರೋಗಿಯನ್ನೇ. "ಮಾತ್ರೆ ಸರಿಯಾಗಿ ತಗೋತಿಲ್ಲ ಅಲ್ವಾ?" ಅಂತ ನಾನೂ ಕೇಳಿದ್ದೆ. ಅಡಿಕೆ ವ್ಯಾಪಾರಿ, ವಯಸ್ಸು 52, ತೂಕ 96 ಕೆಜಿ, ಬಿ.ಪಿ. 172/104. ಅವರು ಮಾತಾಡಲಿಲ್ಲ. ಕವರ್ ತೆಗೆದು ಖಾಲಿ ಸ್ಟ್ರಿಪ್‌ಗಳನ್ನೆಲ್ಲ ನನ್ನ ಟೇಬಲ್ ಮೇಲೆ ಸುರಿದರು. ಟೆಲ್ಮಿಸಾರ್ಟನ್, ಆಮ್ಲೋಡಿಪಿನ್, ಜೊತೆಗೆ ನೀರು ಇಳಿಸುವ ಕ್ಲೋರ್ತಾಲಿಡೋನ್. ಎಣಿಸಿದೆ. ಒಂದೂ ತಪ್ಪಿರಲಿಲ್ಲ.

ಆಮೇಲೆ ನನ್ನ ಕಡೆಯ ತಪ್ಪು ಹುಡುಕಿದೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಬಿ.ಪಿ. ಜಾಸ್ತಿ ತೋರಿಸುತ್ತದೆ. ದೊಡ್ಡ ಪಟ್ಟಿ ತರಿಸಿ ನೋಡಿದರೂ 166/102. ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುತ್ತಿದ್ದ ನೋವಿನ ಮಾತ್ರೆ ನಿಲ್ಲಿಸಿದೆ. ಅದೂ ಬಿ.ಪಿ. ಏರಿಸುತ್ತದೆ. ಸ್ವಲ್ಪ ಇಳಿಯಿತು, ಸಾಕಾಗಲಿಲ್ಲ. ಕೊನೆಗೆ 24 ಗಂಟೆ ಬಿ.ಪಿ. ಅಳೆಯುವ ಮಿಷನ್ ಕಟ್ಟಿ ಕಳಿಸಿದೆ. ನಿದ್ದೆಯಲ್ಲಿ ಬಿ.ಪಿ. ಸಾಮಾನ್ಯವಾಗಿ ಶೇಕಡಾ 10ರಿಂದ 20ರಷ್ಟು ಇಳಿಯಬೇಕು. ಇವರದ್ದು ಹಗಲಿಗಿಂತ ರಾತ್ರಿಯೇ ಜಾಸ್ತಿ.

ಆ ರಿಪೋರ್ಟ್ ತೋರಿಸಲು ಬಂದ ದಿನ, ಎರಡು ವರ್ಷದಲ್ಲಿ ಮೊದಲ ಸಲ, ಜೊತೆಗೆ ಹೆಂಡತಿ ಬಂದಿದ್ದರು. ಹೊರಗೆ ಬೆಂಚಿನ ಮೇಲೆ ಗಂಡ ಕೂತಲ್ಲೇ ಗೊರಕೆ ಹೊಡೆಯುತ್ತಿದ್ದರು, ಬೆಳಿಗ್ಗೆ ಹನ್ನೊಂದಕ್ಕೆ! "ಅಮ್ಮಾ, ರಾತ್ರಿ ಹೆಂಗೆ ಮಲಗ್ತಾರೆ?" ಅಂದೆ. ಆಕೆ ಮೊಬೈಲ್ ತೆಗೆದು ವಿಡಿಯೊ ತೋರಿಸಿದರು. ದೊಡ್ಡ ಗೊರಕೆ, ಆಮೇಲೆ ಪೂರ್ತಿ ನಿಶ್ಶಬ್ದ. ಹೊಟ್ಟೆ ಮಾತ್ರ ಮೇಲೆ ಕೆಳಗೆ ಆಡುತ್ತಿದೆ, ಗಾಳಿ ಒಳಗೆ ಹೋಗುತ್ತಿಲ್ಲ. ನಾನು ಗಡಿಯಾರ ನೋಡಿಕೊಂಡು ಎಣಿಸಿದೆ, 38 ಸೆಕೆಂಡ್. ಆಮೇಲೆ ನೀರಿನಿಂದ ಮೇಲೆದ್ದವರ ಹಾಗೆ ಏದುಸಿರು. "ದಿನಾ ಹಿಂಗೇ ಡಾಕ್ಟ್ರೇ. ನಾನು ಅಲ್ಲಾಡಿಸ್ತೀನಿ. ನೀವು ಕೇಳಲೇ ಇಲ್ಲ," ಅಂದರು.

ನಿಜ, ಕೇಳಿರಲಿಲ್ಲ. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುತ್ತೇನೆ ಅಂತ ಅವರು ಹೇಳಿದಾಗ ಶುಗರ್ ಪರೀಕ್ಷೆ ಮಾಡಿಸಿ ಸುಮ್ನಾಗಿದ್ದೆ. ಅದೂ ಇದೇ ತೊಂದರೆಯ ಸುಳಿವಾಗಿತ್ತು.

ಇದು ಸ್ಲೀಪ್ ಆಪ್ನಿಯಾ, ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ತಡೆಯುವ ತೊಂದರೆ. ಗಂಟಲಿನ ದಾರಿ ಮುಚ್ಚಿದಾಗ ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತದೆ. ದೇಹ ಹೆದರಿ ರಕ್ತನಾಳಗಳನ್ನು ಬಿಗಿಯುತ್ತದೆ, ಬಿ.ಪಿ. ಥಟ್ಟನೆ ಏರುತ್ತದೆ. ರಾತ್ರಿಯಿಡೀ ಇದೇ ನಡೆದರೆ ಹಗಲೂ ಆ ಬಿಗಿತ ಬಿಡುವುದಿಲ್ಲ. ನಿದ್ದೆ ಪರೀಕ್ಷೆಯಲ್ಲಿ ಇವರ ಉಸಿರು ಗಂಟೆಗೆ 46 ಸಲ ತಡೆಯುತ್ತಿತ್ತು. 5ರೊಳಗಿದ್ದರೆ ಸರಿ, 30 ದಾಟಿದರೆ ತೀವ್ರ.

ಮದ್ದು ಸಿಪ್ಯಾಪ್: ಮೂಗಿಗೆ ಮಾಸ್ಕ್ ಕಟ್ಟಿ ಒತ್ತಡದ ಗಾಳಿ ಊದಿ ಗಂಟಲನ್ನು ತೆರೆದಿಡುವ ಮಿಷನ್. 1981ರಲ್ಲಿ ಆಸ್ಟ್ರೇಲಿಯಾದ ಡಾಕ್ಟರ್ ಕಾಲಿನ್ ಸಲಿವನ್ ಇದನ್ನು ವರದಿ ಮಾಡಿದರು. ಬರೆದುಕೊಡುವುದು ಸುಲಭ, ಹಾಕಿಸುವುದೇ ಕಷ್ಟ. ಮೊದಲ ವಾರ ಇವರು ಎರಡೇ ಗಂಟೆ ಹೊತ್ತು ಹಾಕಿಕೊಂಡು ಕಿತ್ತು ಬಿಸಾಡುತ್ತಿದ್ದರು. ಗಾಳಿ ಸೋರುತ್ತಿದ್ದದ್ದು ದಪ್ಪ ಮೀಸೆಯಿಂದ. ಮೀಸೆ ತೆಗೆಯಿರಿ ಅನ್ನುವ ಧೈರ್ಯ ನನಗಿರಲಿಲ್ಲ. ಮೂಗಿನ ಹೊಳ್ಳೆಗಷ್ಟೇ ಕೂರುವ ಚಿಕ್ಕ ಮಾಸ್ಕ್ ತರಿಸಿದೆವು. ಸಂಜೆ ಟಿವಿ ನೋಡುವಾಗ ಅರ್ಧ ಗಂಟೆ ಹಾಕಿಕೊಂಡು ಅಭ್ಯಾಸ ಮಾಡಿಸಿದೆ. ಮೂರನೇ ವಾರಕ್ಕೆ ರಾತ್ರಿ ಐದು ಗಂಟೆ ಹೊತ್ತು ಹಾಕಿಕೊಳ್ಳುವಷ್ಟಾದರು. ಗೊರಕೆ ನಿಂತ ಮೊದಲ ರಾತ್ರಿ ಹೆಂಡತಿ ಗಾಬರಿಯಾಗಿ ಮೂಗಿನ ಹತ್ತಿರ ಕೈಯಿಟ್ಟು ನೋಡಿದರಂತೆ.

ಮಿಷನ್ ಹಾಕಿದರೆ ಮಾತ್ರೆ ಬಿಡಬಹುದು ಅಂತ ನಾನು ಯಾರಿಗೂ ಹೇಳುವುದಿಲ್ಲ. 2013ರಲ್ಲಿ ಸ್ಪೇನ್‌ನಲ್ಲಿ ಇಂಥದ್ದೇ 194 ಜನರ ಮೇಲೆ ಮಾಡಿದ ಅಧ್ಯಯನದಲ್ಲಿ 12 ವಾರಕ್ಕೆ ಸರಾಸರಿ ಬಿ.ಪಿ. ಇಳಿದದ್ದು ಸುಮಾರು 3 ಪಾಯಿಂಟ್ ಅಷ್ಟೇ. ಹೆಚ್ಚು ಹೊತ್ತು ಹಾಕಿಕೊಂಡವರಿಗೆ ಹೆಚ್ಚು ಇಳಿಯಿತು. ಹಾಗಾಗಿ ನಾನು ಸ್ಪೈರೊನೊಲ್ಯಾಕ್ಟೋನ್ ಅನ್ನುವ ನಾಲ್ಕನೇ ಮಾತ್ರೆ ಕೂಡ ಸೇರಿಸಿದೆ, ರಕ್ತದಲ್ಲಿ ಪೊಟ್ಯಾಸಿಯಂ ಏರದಂತೆ ನೋಡಿಕೊಳ್ಳುತ್ತಾ. ಉಪ್ಪಿನಕಾಯಿ ಬಿಡಿಸಿದೆ. ಆರು ತಿಂಗಳಿಗೆ 7 ಕೆಜಿ ಇಳಿದರು, ಬಿ.ಪಿ. 136/84. ಯಾವುದರಿಂದ ಎಷ್ಟು ಇಳಿಯಿತು ಅಂತ ಬಿಡಿಸಿ ಹೇಳಲಾರೆ. ಆದರೆ ರಾತ್ರಿಯ ಬಿ.ಪಿ. ಹಗಲಿಗಿಂತ ಕೆಳಗೆ ಬಂತು.

ಈಗ ಇಂಥವರು ಬಂದರೆ ನಾಲ್ಕನೇ ಮಾತ್ರೆ ಬರೆಯುವ ಮೊದಲು ಕೇಳುತ್ತೇನೆ, "ಮನೆಯವರನ್ನು ಕರ್ಕೊಂಡು ಬಂದಿದೀರಾ?"

ಅಡಿಕೆ ವ್ಯಾಪಾರಿ ಹೋದ ತಿಂಗಳು ಫೋನ್ ಮಾಡಿದ್ದರು. ರಾತ್ರಿ ಕರೆಂಟು ಹೋಗಿ ಮಿಷನ್ ನಿಂತು ಉಸಿರುಗಟ್ಟಿದಂತಾಗಿ ಎದ್ದರಂತೆ. ಇನ್‌ವರ್ಟರ್‌ಗೆ ಕನೆಕ್ಷನ್ ಕೊಡಿಸಿಕೊಳ್ಳಿ ಅಂದೆ.