ಒಡೆದ ಸಮಾಜದಲ್ಲಿ ಸಮಾಧಾನದ ಕೆಲಸ: ಮೊದಲು ದೂರು ಕೇಳಿ

ಕ್ರೈಸ್ತ ಸಭೆಯ ಹಿರಿಯನಾಗಿ ನಾನು ಕೂತ ಅನೇಕ ರಾಜಿ ಮಾತುಕತೆಗಳು ಒಂದೇ ಕಾರಣಕ್ಕೆ ಮುರಿದುಬಿದ್ದಿವೆ. ದೂರನ್ನು ಪೂರ್ತಿ ಕೇಳುವ ಮೊದಲೇ ಯಾರಾದರೊಬ್ಬರು "ಬನ್ನಿ, ಪ್ರಾರ್ಥನೆ ಮಾಡಿ ಮುಗಿಸಿಬಿಡೋಣ" ಅಂದುಬಿಡುತ್ತಾರೆ. ಪ್ರಾರ್ಥನೆ ಮೊದಲೂ ಬೇಕು, ಕೊನೆಗೂ ಬೇಕು. ನೊಂದವರ ಬಾಯಿ ಮುಚ್ಚಿಸಲು ಮಾತ್ರ ಅದನ್ನು ಬಳಸಬಾರದು. ಸಮಾಧಾನ ಇಲ್ಲದಿರುವಾಗಲೂ ಇದೆ ಇದೆ ಎಂದು ಹೇಳುತ್ತ, ಜನರ ಗಾಯಕ್ಕೆ ಮೇಲೆಮೇಲೆ ಮದ್ದು ಸವರಿದವರನ್ನು ಬೈಬಲಿನ ಪ್ರವಾದಿ ಯೆರೆಮೀಯನು ಗದರಿಸಿದ್ದು (6:14) ಇದಕ್ಕೇ.

ಹಾಗಾದರೆ ಹೇಗೆ ಕೇಳಬೇಕು? ಎರಡು ಕಡೆಯವರನ್ನೂ ಮೊದಲ ದಿನವೇ ಎದುರುಬದುರು ಕೂರಿಸಬೇಡಿ. ಒಬ್ಬೊಬ್ಬರ ಮನೆಗೂ ಹೋಗಿ. ಅವರು ಹೇಳಿದ್ದನ್ನು ಅವರ ಮಾತಲ್ಲೇ ಬರೆದುಕೊಳ್ಳಿ, ಆಮೇಲೆ ಗಟ್ಟಿಯಾಗಿ ಓದಿ ಹೇಳಿ. "ಹೌದು, ನಾನು ಹೇಳಿದ್ದು ಇದೇ" ಅನ್ನುವವರೆಗೆ ತಿದ್ದುತ್ತಿರಿ. ಒಮ್ಮೆ ಹೀಗೆ ಓದಿದಾಗ ಒಬ್ಬ ತಾಯಿ ತಡೆದರು: "ಬೈದರು ಅಂತ ದೂರುತ್ತಿಲ್ಲ ಬ್ರದರ್. ನನ್ನ ಮಗನ ಮದುವೆಗೆ ಆ ಕಡೆಯವರು ಒಬ್ಬರೂ ಕಾಲಿಡಲಿಲ್ಲ. ಅದನ್ನು ಬರೆಯಿರಿ." ಎಷ್ಟೋ ಕಾಲದಿಂದ ಬೈಗುಳದ ಬಗ್ಗೆಯೇ ಪಂಚಾಯಿತಿ ನಡೆಯುತ್ತಿತ್ತು; ಜಗಳದ ಬುಡ ಅಲ್ಲಿರಲೇ ಇಲ್ಲ. ಇನ್ನೊಂದು ಕಡೆಯವರ ಮಾತನ್ನೂ ಅಷ್ಟೇ ತಾಳ್ಮೆಯಿಂದ ಕೇಳಿ. ಮೊದಲು ವಾದ ಹೂಡಿದವನು ನ್ಯಾಯವಂತನಂತೆಯೇ ಕಾಣುತ್ತಾನೆ ಎಂದು ಜ್ಞಾನೋಕ್ತಿ (18:17) ಎಚ್ಚರಿಸುತ್ತದೆ.

ದೂರು ಕೇಳಿದ ಮೇಲೆ ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯ ತೆರೆಯಿರಿ. ನನಗೆ ಗೊತ್ತಿರುವ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಯೆರೂಸಲೇಮಿನ ಸಭೆಯಲ್ಲಿ ಗ್ರೀಕ್ ಮಾತಾಡುವವರು ಹೀಬ್ರೂ ಮಾತಾಡುವವರ ಮೇಲೆ ಗುಣುಗುಟ್ಟಿದರು: ದಿನದಿನದ ಹಂಚಿಕೆಯಲ್ಲಿ ನಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ. "ಕ್ರಿಸ್ತನಲ್ಲಿ ಎಲ್ಲರೂ ಒಂದೇ, ಭೇದದ ಮಾತು ಬೇಡ" ಎಂದು ಸಭೆಯ ನಾಯಕರಾಗಿದ್ದ ಅಪೊಸ್ತಲರು ತಳ್ಳಿಹಾಕಲಿಲ್ಲ. ಇಡೀ ಸಭೆ ಕರೆದು, ಏಳು ಜನರನ್ನು ನೀವೇ ಆರಿಸಿ ಎಂದರು. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ನಿಕೊಲಾಯನಂತೂ ಹುಟ್ಟಿನಿಂದ ಯೆಹೂದ್ಯನೂ ಅಲ್ಲ, ಅಂತಿಯೋಕ್ಯದವನು. ದೂರು ಕೊಟ್ಟವರ ಕಡೆಯವರ ಕೈಗೇ ಹಂಚಿಕೆಯ ಕೆಲಸ ಹೋಯಿತು ಎಂದೇ ನಾನು ಇದನ್ನು ಓದುತ್ತೇನೆ. ಈಗ ನಿಮ್ಮ ಸಭೆಯನ್ನೇ ನೋಡಿ. ಲೆಕ್ಕದ ಪುಸ್ತಕ, ಬೀಗದ ಕೈ, ಮೈಕು ಯಾರ ಕೈಯಲ್ಲಿವೆ? ಮೂರೂ ಒಂದೇ ಭಾಷೆಯವರ, ಒಂದೇ ಕುಲದವರ ಕೈಯಲ್ಲಿದ್ದರೆ, ಹೊರಗಿನ ಸಮಾಜಕ್ಕೆ ಐಕ್ಯದ ಬೋಧನೆ ಮಾಡುವ ಮೊದಲು ಅದನ್ನು ಸರಿಮಾಡಿ.

ನಮ್ಮವರ ನಾಲಿಗೆಯನ್ನು ನಾವೇ ತಡೆಯಬೇಕು. ಸಭೆಯ ವಾಟ್ಸಾಪ್ ಗುಂಪಿನಲ್ಲಿ ಇನ್ನೊಂದು ಸಮುದಾಯದ ಬಗ್ಗೆ ಸುಳ್ಳು ಬಂದರೆ, ಹಾಕಿದವರಿಗೆ ಮೊದಲು ನೀವೊಬ್ಬರೇ ಫೋನ್ ಮಾಡಿ; ಮತ್ತಾಯ 18:15 ಹೇಳುವ ದಾರಿ ಅದು. "ಇದು ನಿಮಗೆ ಎಲ್ಲಿಂದ ಬಂತು?" ಎಂದಷ್ಟೇ ಕೇಳಿ. ತಪ್ಪೆಂದು ತಿಳಿದರೆ ಅದೇ ಗುಂಪಿನಲ್ಲಿ ಅವರೇ ತಿದ್ದಿ ಹಾಕಲಿ. ಸಣ್ಣ ವಿಷಯ ಅನ್ನಬೇಡಿ. ರುವಾಂಡಾದಲ್ಲಿ ಹೆಚ್ಚಿನವರು ಕ್ರೈಸ್ತರೇ. ಅಲ್ಲಿನ ರೇಡಿಯೊ ಟುಟ್ಸಿ ಜನಾಂಗದವರನ್ನು ಜಿರಲೆಗಳೆಂದು ಕರೆಯುತ್ತಿತ್ತು. 1994ರ ನರಮೇಧದಲ್ಲಿ ಆಶ್ರಯ ಹುಡುಕಿ ಚರ್ಚುಗಳಿಗೆ ಓಡಿಬಂದವರನ್ನು ಚರ್ಚುಗಳಲ್ಲೇ ಕೊಂದರು.

ಬೇರೆ ಧರ್ಮದವರ ಜೊತೆ ಕೆಲಸ ಮಾಡಲು ಹಿಂಜರಿಯಬೇಡಿ. ಲೈಬೀರಿಯಾದಲ್ಲಿ 2003ರಲ್ಲಿ ಲೇಮಾ ಬೋವಿ ಎಂಬ ಲೂಥರನ್ ಹೆಣ್ಣುಮಗಳು ಮುಂದೆ ನಿಂತಾಗ, ಕ್ರೈಸ್ತ ಮತ್ತು ಮುಸ್ಲಿಂ ಹೆಂಗಸರು ಬಿಳಿ ಬಟ್ಟೆ ಉಟ್ಟು ಯುದ್ಧ ನಿಲ್ಲಿಸಿ ಎಂದು ಒಟ್ಟಿಗೆ ಕೂತರು. ಯಾರೂ ತಮ್ಮ ನಂಬಿಕೆ ಬಿಟ್ಟುಕೊಡಬೇಕಾಗಲಿಲ್ಲ.

ಆತುರವೂ ಬೇಡ. ಮೊಜಾಂಬಿಕ್‌ನ ಸರ್ಕಾರ ಮತ್ತು ರೆನಾಮೊ ಬಂಡುಕೋರರ ನಡುವೆ ರೋಮಿನಲ್ಲಿ ಸಂತ ಎಜಿಡಿಯೊ ಎಂಬ ಕ್ಯಾಥೋಲಿಕ್ ಸಮುದಾಯ ನಡೆಸಿದ ಮಾತುಕತೆ 1990ರ ಜುಲೈನಲ್ಲಿ ಶುರುವಾಗಿ, ಸಹಿ ಬಿದ್ದದ್ದು 1992ರ ಅಕ್ಟೋಬರ್ 4ರಂದು. ಎರಡು ಪ್ರಾರ್ಥನಾ ಕೂಟಗಳಲ್ಲಿ ಎಲ್ಲ ಸರಿಹೋಗಬೇಕೆಂದು ಹಟ ಹಿಡಿಯುವವರಿಗೆ ನಾನು ಈ ತಾರೀಖುಗಳನ್ನು ಹೇಳುತ್ತೇನೆ.

ಒಂದು ವಿಷಯದಲ್ಲಿ ಮಾತ್ರ ರಾಜಿಗೆ ಕೂರಲೇಬೇಡಿ. ಹೊಡೆತ, ಲೈಂಗಿಕ ದೌರ್ಜನ್ಯ, ಜೀವಬೆದರಿಕೆ ಇದ್ದಲ್ಲಿ ನೊಂದವರನ್ನು "ಕ್ಷಮಿಸಿಬಿಡಿ" ಎಂದು ಒತ್ತಾಯಿಸುವುದು ಪಾಪ. ಮೊದಲು ಅವರನ್ನು ಸುರಕ್ಷಿತ ಜಾಗಕ್ಕೆ ಸೇರಿಸಿ, ಕಾನೂನಿನ ನೆರವು ಕೊಡಿಸಿ.

ಉಳಿದ ಜಗಳಗಳಲ್ಲಿ ಒಪ್ಪಂದ ಆದ ದಿನವೇ ಅದನ್ನು ಹಾಳೆಗಿಳಿಸಿ: ಯಾರು, ಏನು, ಯಾವ ತಾರೀಖಿನೊಳಗೆ ಮಾಡಬೇಕು. "ಪ್ರೀತಿಯಿಂದ ಇರುತ್ತೇವೆ" ಎಂದು ಬರೆದರೆ ಸಾಲದು. "ಮುಂದಿನ ತಿಂಗಳಿಂದ ಲೆಕ್ಕ ತೋರಿಸುತ್ತೇವೆ" ಎಂದು ಬರೆಸಿ. ಒಂದೊಂದು ಪ್ರತಿ ಇಬ್ಬರಿಗೂ ಕೊಡಿ. ಮತ್ತೆ ಸೇರುವ ದಿನವನ್ನು ಅಲ್ಲೇ ಗೊತ್ತುಮಾಡಿ, ಆ ದಿನ ಯಾರೂ ಕರೆಯದಿದ್ದರೂ ನೀವಾಗಿಯೇ ಹೋಗಿ ವಿಚಾರಿಸಿ.