ಚಳಿಯಲ್ಲಿ ಒಬ್ಬರೇ ತೆಪ್ಪ ಇಳಿಸುವ ಅಣ್ಣ-ತಮ್ಮಂದಿರಿಗೆ

ಡಿಸೆಂಬರ್, ಜನವರಿಯಲ್ಲಿ ಆಲಮಟ್ಟಿ ಹಿನ್ನೀರಿನಲ್ಲಿ ನಸುಕಿಗೇ ಬಲೆ ಎತ್ತಲು ಒಬ್ಬರೇ ಹೋಗುವವರು ನಮ್ಮ ಬಾಗಲಕೋಟೆ ಕಡೆ ಬಹಳ ಜನ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಲೈಫ್ ಜಾಕೆಟ್ ತೆಪ್ಪದಲ್ಲಿ ಇಟ್ಟರೆ ಸಾಲದು, ದಡದಲ್ಲೇ ಹಾಕಿಕೊಳ್ಳಿ. "ನನಗೆ ಈಜು ಬರುತ್ತೆ" ಅಂತೀರಿ, ಅಲ್ವಾ? ತಣ್ಣೀರಿಗೆ ಥಟ್ಟನೆ ಬಿದ್ದಾಗ ಉಸಿರು ತಾನಾಗಿಯೇ ಜೋರಾಗಿ ಒಳಗೆಳೆಯುತ್ತದೆ. ಬಾಯಿ ನೀರಿನೊಳಗಿದ್ದರೆ ಎಂಥ ಈಜುಗಾರನಿಗೂ ಕಷ್ಟ. ಮೊದಲ ಒಂದು ನಿಮಿಷ ಈಜಬೇಡಿ. ಮುಖ ಮೇಲಿರಲಿ, ತೇಲುತ್ತಾ ಉಸಿರು ಹಿಡಿತಕ್ಕೆ ತಂದುಕೊಳ್ಳಿ. ಆಮೇಲೆ ತೆಪ್ಪ ಹಿಡಿಯಿರಿ. ಮಗುಚಿದರೂ ಅದು ತೇಲುತ್ತಿದ್ದರೆ ಬಿಡಬೇಡಿ. ದಡ ಹತ್ತಿರ ಕಂಡರೂ ಅಷ್ಟು ಹತ್ತಿರ ಇರುವುದಿಲ್ಲ. ಹೊತ್ತಾದಂತೆ ಬೆರಳು ಮರಗಟ್ಟಿ ಹಗ್ಗ ಹಿಡಿಯಲೂ ಆಗುವುದಿಲ್ಲ.

ಬಲೆಯ ಹಗ್ಗವನ್ನು ಕೈಗೆ, ಕಾಲಿಗೆ ಸುತ್ತಿಕೊಳ್ಳಬೇಡಿ. ಇದನ್ನು ಕೈಮುಗಿದು ಹೇಳುತ್ತೇನೆ. ಬಲೆ ಎಳೆಯುವಾಗ ನಿಲ್ಲದೆ ಕೂತೇ ಎಳೆಯಿರಿ.

ಮಂಜು ಕವಿದಿದ್ದರೆ ಬಿಸಿಲು ಬೀಳುವವರೆಗೆ ಕಾಯಿರಿ. ಮುಳುಗಡೆ ಜಾಗದಲ್ಲಿ ಹಳೆ ಗೋಡೆ, ಮರದ ಬೊಡ್ಡೆ ಕಾಣುವುದಿಲ್ಲ.

ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಅಂಗಿಯೊಳಗೆ ಇಟ್ಟುಕೊಳ್ಳಿ. ತುರ್ತಿಗೆ 112. ಕೊರಳಲ್ಲಿ ಒಂದು ಸೀಟಿ ಇರಲಿ. ಯಾವ ಕಡೆ ಹೋಗುತ್ತೀರಿ, ಎಷ್ಟು ಗಂಟೆಗೆ ಬರುತ್ತೀರಿ ಅಂತ ಮನೆಯಲ್ಲಿ ಹೇಳಿ. ಆ ಹೊತ್ತು ಮೀರಿದರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದನ್ನೂ ಹೇಳಿಟ್ಟಿರಿ.

ಚಳಿಗೆ ಅಂತ ಕುಡಿದು ಇಳಿಯಬೇಡಿ. ಮೈ ಬೆಚ್ಚಗಾದಂತೆ ಅನ್ನಿಸಿದರೂ ಒಳಗಿನ ಕಾವು ಬೇಗ ಹೊರಹೋಗುತ್ತದೆ. ಒಣ ಬಟ್ಟೆ, ಕಂಬಳಿ ದಡದಲ್ಲಿರಲಿ. ನೆನೆದು ಬಂದರೆ ಮೊದಲು ಬಟ್ಟೆ ಬದಲಿಸಿ, ಚಹಾ ಆಮೇಲೆ.